ಬೆಟ್ಟಕ್ಕೆ ಸೈಕಲ್ ಹತ್ತಿಸುವ ಮುಂಚೆ

ಬಯಲಿನಲ್ಲಿ ದಿನಾ ಸೈಕಲ್ ತುಳಿದು ಕಾಲು ಪಳಗಿದವರೂ ಬೆಟ್ಟದಲ್ಲಿ ಲೆಕ್ಕ ತಪ್ಪುತ್ತಾರೆ. ಮ್ಯಾಪ್ ತೆಗೆದು ‘ಬರೀ 24 ಕಿಲೋಮೀಟರ್ ಅಲ್ವಾ, ಎರಡು ಗಂಟೆ ಸಾಕು’ ಅಂದುಕೊಂಡು ಹೊರಡುತ್ತಾರೆ. ಕತ್ತಲಾಗುವ ಹೊತ್ತಿಗೂ ಇನ್ನೂ ಅರ್ಧ ದಾರಿಯಲ್ಲೇ ಇರುತ್ತಾರೆ. ಬೆಟ್ಟದಲ್ಲಿ ದೂರ ನೋಡಿ ಸಮಯ ಹೇಳಲು ಬರುವುದಿಲ್ಲ. ಎಷ್ಟು ಮೀಟರ್ ಏರಬೇಕು ಅಂತ ಮೊದಲು ನೋಡಬೇಕು. ಮಿಕ್ಕ ಯೋಜನೆಯೆಲ್ಲ ಅದರ ಮೇಲೆ ನಿಲ್ಲುತ್ತದೆ.

ಏರಿನ ಲೆಕ್ಕ

ಸೈಕಲ್ ದಾರಿ ತೋರಿಸುವ ಹೆಚ್ಚಿನ ಆ್ಯಪ್‌ಗಳಲ್ಲಿ ಒಟ್ಟು ಏರು ಎಷ್ಟು ಮೀಟರ್ ಅಂತ ಬರುತ್ತದೆ. ನಾನು ಹೀಗೆ ಲೆಕ್ಕ ಹಾಕುತ್ತೇನೆ: ಪ್ರತಿ 12 ಕಿಲೋಮೀಟರಿಗೆ ಒಂದು ಗಂಟೆ, ಪ್ರತಿ 400 ಮೀಟರ್ ಏರಿಗೆ ಇನ್ನೊಂದು ಗಂಟೆ. ಆ 24 ಕಿಲೋಮೀಟರ್ ದಾರಿಯಲ್ಲಿ 800 ಮೀಟರ್ ಏರಿದ್ದರೆ ಎರಡು ಗಂಟೆಗೆ ಎರಡು ಸೇರಿ ನಾಲ್ಕಾಯಿತು. ನಿಂತು ನೋಡಲು, ತಿನ್ನಲು, ಪಂಕ್ಚರ್ ಹಾಕಲು ಒಂದು ಗಂಟೆ ಬಿಡಿ. ಒಟ್ಟು ಐದು. ಹೊಸಬರಿದ್ದರೆ 400ರ ಜಾಗದಲ್ಲಿ 300 ಹಾಕಿ. ಗುಂಪಿನಲ್ಲಿ ಹೋಗುವುದಾದರೆ ಎಲ್ಲರಿಗಿಂತ ನಿಧಾನವಾಗಿ ಹತ್ತುವವರಿಗೆ ಲೆಕ್ಕ ಹಾಕಿ.

ಒಟ್ಟು ಏರು ಗೊತ್ತಾದರೆ ಸಾಲದು, ಅದು ಎಲ್ಲಿ ಬರುತ್ತದೆ ಅಂತಲೂ ನೋಡಬೇಕು. ಇದಕ್ಕೆ ಕಾಂಟೂರ್ ಗೆರೆಗಳಿರುವ ಮ್ಯಾಪ್ ಬೇಕು. ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಆ ತೆಳು ಗೆರೆಗಳು ಹತ್ತಿರ ಹತ್ತಿರ ಇದ್ದಷ್ಟೂ ಜಾಗ ಕಡಿದು. ಗೆರೆಗಳ ನಡುವೆ 20 ಮೀಟರ್ ಎತ್ತರದ ಅಂತರವಿದೆ ಅಂದುಕೊಳ್ಳಿ. ನಿಮ್ಮ ದಾರಿ ಅರ್ಧ ಕಿಲೋಮೀಟರಿನಲ್ಲಿ ಐದು ಅಂತರ ಮೇಲೇರಿದರೆ ನೂರು ಮೀಟರ್ ಹತ್ತಿದ ಹಾಗೆ. ಅಂದರೆ ಶೇ 20ರ ಏರು. ಸಡಿಲ ಜಲ್ಲಿಯ ಮೇಲೆ ಶೇ 15 ದಾಟಿದರೇ ಹಿಂದಿನ ಚಕ್ರ ನಿಂತಲ್ಲೇ ತಿರುಗಲು ಶುರುವಾಗುತ್ತದೆ. ಹಾಗಾಗಿ ಅಂಥ ಜಾಗದಲ್ಲಿ ಇಳಿದು ತಳ್ಳಬೇಕು ಅಂತ ಮೊದಲೇ ಗುರುತು ಹಾಕಿಕೊಳ್ಳಿ. ‘ಸರಾಸರಿ ಶೇ 6’ ಅನ್ನುವ ಮಾತನ್ನು ಮಾತ್ರ ನಂಬಬೇಡಿ. ಅದರೊಳಗೆ ಶೇ 18ರ ತುಂಡೊಂದು ಆರಾಮಾಗಿ ಅಡಗಿರಬಹುದು.

ಯಾವ ದಾರಿ, ಯಾವ ಕಡೆಯಿಂದ

ಸುತ್ತಿ ಬರುವ ದಾರಿಯಾದರೆ ಅಗಲವಾದ ಮಣ್ಣು ರಸ್ತೆಯಲ್ಲಿ ಹತ್ತಿ, ಕಿರಿದಾದ ಕಾಲುದಾರಿಯಲ್ಲಿ ಇಳಿಯಿರಿ. ಅದೇ ದಾರಿಯನ್ನು ಉಲ್ಟಾ ಹಿಡಿದರೆ ಅರ್ಧ ದಿನ ಸೈಕಲ್ ಹೊತ್ತುಕೊಂಡೇ ಹೋಗಬೇಕಾಗಬಹುದು. ಉಳಿದುಕೊಂಡ ಜಾಗ ಬೆಟ್ಟದ ತುದಿಯಲ್ಲಿದ್ದರೆ ಜಾಸ್ತಿ ಎಚ್ಚರ ಬೇಕು. ಬೆಳಿಗ್ಗೆ ಖುಷಿಯಿಂದ ಇಳಿದುಬಿಡುತ್ತೀರಿ, ಸಂಜೆ ಸುಸ್ತಾದ ಕಾಲಿಗೆ ಪೂರ್ತಿ ಏರು ಉಳಿದಿರುತ್ತದೆ.

ದಾರಿ ಎಷ್ಟು ಕಷ್ಟ ಅಂತ ಹೇಳಲು ಗುರುತುಗಳಿವೆ. ಉತ್ತರ ಅಮೆರಿಕದಲ್ಲಿ ಹಸಿರು ವೃತ್ತ ಅಂದರೆ ಸುಲಭ, ನೀಲಿ ಚೌಕ ಅಂದರೆ ಮಧ್ಯಮ, ಕಪ್ಪು ವಜ್ರ ಅಂದರೆ ಕಷ್ಟ. ಆಲ್ಪ್ಸ್ ಕಡೆಯ ಮ್ಯಾಪುಗಳಲ್ಲಿ ಎಸ್0ಯಿಂದ ಎಸ್5ರವರೆಗಿನ ಅಳತೆ ಕಾಣುತ್ತದೆ. ಎಸ್2 ದಾಟಿದರೆ ದೊಡ್ಡ ಕಲ್ಲು, ಎತ್ತರದ ಮೆಟ್ಟಿಲು, ಕಡಿದಾದ ಹಿಮ್ಮುರಿ ತಿರುವುಗಳು ಬರುತ್ತವೆ. ಹೊಸ ಪ್ರದೇಶದಲ್ಲಿ ಮೊದಲ ದಿನ ನಿಮ್ಮ ಮಟ್ಟಕ್ಕಿಂತ ಒಂದು ಮೆಟ್ಟಿಲು ಕೆಳಗಿನ ದಾರಿ ಹಿಡಿಯಿರಿ. ಅಲ್ಲಿಯ ಮಣ್ಣು ಹೇಗೆ ಹಿಡಿತ ಕೊಡುತ್ತದೆ ಅಂತ ಚಕ್ರಕ್ಕೂ ಕೈಗೂ ಗೊತ್ತಾಗಲು ಒಂದು ದಿನ ಬೇಕೇ ಬೇಕು.

ಆ ದಾರಿಯಲ್ಲಿ ಸೈಕಲ್ ಬಿಡುತ್ತಾರಾ ಅಂತಲೂ ವಿಚಾರಿಸಿ. ಸಂರಕ್ಷಿತ ಕಾಡುಗಳಲ್ಲಿ ಎಷ್ಟೋ ಕಾಲುದಾರಿಗಳು ನಡೆಯುವವರಿಗೆ ಮಾತ್ರ. ಮಳೆ ಬಂದು ನೆಲ ಮೆತ್ತಗಾಗಿದ್ದರೆ ಆ ದಿನ ಕಿರುದಾರಿ ಬಿಟ್ಟು ಗಟ್ಟಿ ರಸ್ತೆ ಹಿಡಿಯಿರಿ. ಚಕ್ರ ಕೊರೆದ ಸಾಲಿನಲ್ಲೇ ಮುಂದಿನ ಮಳೆ ನೀರು ಹರಿದು ದಾರಿಯನ್ನೇ ತಿಂದುಹಾಕುತ್ತದೆ.

ಗಡಿಯಾರ ಮತ್ತು ಆಕಾಶ

ಬೆಟ್ಟದಲ್ಲಿ ಮಧ್ಯಾಹ್ನದ ಮೇಲೆ ಮೋಡ ಕಟ್ಟುವುದು ಸಾಮಾನ್ಯ. ಬಿಸಿಲಿಗೆ ಕಾದ ಗಾಳಿ ಇಳಿಜಾರಿನ ಮೇಲೆ ಹತ್ತುತ್ತಾ ತಣ್ಣಗಾಗಿ ಮೋಡವಾಗುತ್ತದೆ. ಅದಕ್ಕೇ ಬೆಳಕು ಹರಿಯುವಾಗ ಹೊರಟು, ಮಧ್ಯಾಹ್ನದೊಳಗೆ ತುದಿ ದಾಟಿ ಇಳಿಯಲು ಶುರು ಮಾಡಬೇಕು. ಮಿಂಚು ಕಂಡ 30 ಸೆಕೆಂಡಿನೊಳಗೆ ಗುಡುಗು ಕೇಳಿಸಿದರೆ ಸಿಡಿಲು ಸುಮಾರು 10 ಕಿಲೋಮೀಟರ್ ಒಳಗಿದೆ. ತುದಿಯಿಂದ ಆ ಕೂಡಲೇ ಕೆಳಗಿಳಿಯಿರಿ, ಒಂಟಿ ಮರದಿಂದ ದೂರ ಸರಿಯಿರಿ.

ಹೊರಡುವ ಮುಂಚೆಯೇ ತಿರುಗುವ ಹೊತ್ತನ್ನು ಬರೆದಿಡಿ. ‘ಒಂದು ಗಂಟೆಗೆ ಎಲ್ಲಿದ್ದರೂ ವಾಪಸ್’ ಅಂತ. ತುದಿ ಕಣ್ಣೆದುರಿಗೇ ಇದ್ದರೂ ತಿರುಗಬೇಕು. ಸೂರ್ಯ ಮುಳುಗುವ ಸಮಯವನ್ನು ಮಾತ್ರ ನೋಡಿ ಯೋಜನೆ ಹಾಕಬೇಡಿ. ಕಣಿವೆಯಲ್ಲಿ ಬಿಸಿಲು ಬೆಟ್ಟದ ಹಿಂದಕ್ಕೆ ಬಹಳ ಬೇಗ ಸರಿಯುತ್ತದೆ, ಮರಗಳ ಕೆಳಗೆ ಬೇರು, ಕಲ್ಲು ಯಾವುದೂ ಕಾಣುವುದಿಲ್ಲ. ಚಿಕ್ಕದೊಂದು ಹೆಡ್‌ಲೈಟ್ ಚೀಲದಲ್ಲಿ ಇರಲೇಬೇಕು.

ಪ್ರತಿ ಸಾವಿರ ಮೀಟರ್ ಮೇಲೇರಿದಂತೆ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ತಣ್ಣಗಾಗುತ್ತದೆ. ಹತ್ತುವಾಗ ಇದು ಗೊತ್ತಾಗುವುದಿಲ್ಲ, ಬೆವರು ಹರಿಯುತ್ತಿರುತ್ತದೆ. ಇಳಿಯುವಾಗ ಅದೇ ಒದ್ದೆ ಅಂಗಿಗೆ ಗಾಳಿ ಹೊಡೆದು ಹತ್ತೇ ನಿಮಿಷದಲ್ಲಿ ಬೆರಳು ಮರಗಟ್ಟುತ್ತವೆ. ಮರಗಟ್ಟಿದ ಬೆರಳಿಗೆ ಬ್ರೇಕ್ ಎಷ್ಟು ಒತ್ತಿದೆವು ಅಂತಲೇ ತಿಳಿಯುವುದಿಲ್ಲ. ಒಣ ಬನಿಯನ್, ಗಾಳಿ ತಡೆಯುವ ಜಾಕೆಟ್, ಪೂರ್ತಿ ಬೆರಳಿನ ಗ್ಲೌಸ್ ಇವನ್ನು ತುದಿಯಲ್ಲಿ ಹಾಕಿಕೊಂಡೇ ಇಳಿಯಲು ಶುರು ಮಾಡಿ. ಎರಡೂವರೆ ಸಾವಿರ ಮೀಟರ್ ದಾಟುವ ಪ್ರದೇಶವಾದರೆ ಮೊದಲ ಒಂದೆರಡು ದಿನ ಸಣ್ಣ ಸವಾರಿ ಮಾಡಿ. ತಲೆನೋವಿನ ಜೊತೆ ವಾಕರಿಕೆ ಬಂದರೆ ಮೇಲೆ ಹೋಗಬೇಡಿ.

ಸೈಕಲ್ಲು, ಚೀಲ

ಮೊದಲು ಬ್ರೇಕ್. 1976ರಲ್ಲಿ ಕ್ಯಾಲಿಫೋರ್ನಿಯಾದ ಫೇರ್‌ಫ್ಯಾಕ್ಸ್ ಊರಿನ ಹತ್ತಿರ ಕೆಲವು ಹುಡುಗರು ಹಳೆಯ ದಪ್ಪ ಟೈರಿನ ಸೈಕಲ್ಲುಗಳಲ್ಲಿ ಬೆಟ್ಟ ಇಳಿಯುವ ಪಂದ್ಯ ಶುರು ಮಾಡಿದರು. ಮೌಂಟನ್ ಬೈಕ್ ಬೆಳೆದದ್ದು ಇಂಥ ಪಂದ್ಯಗಳಿಂದಲೇ. ಆ ದಾರಿಯ ಹೆಸರು ‘ರೀಪ್ಯಾಕ್’. ಇಳಿಯುವಷ್ಟರಲ್ಲಿ ಹಿಂದಿನ ಚಕ್ರದ ಬ್ರೇಕ್ ಕಾದು ಒಳಗಿನ ಗ್ರೀಸ್ ಸುಟ್ಟುಹೋಗುತ್ತಿತ್ತು, ಪ್ರತಿ ಸಲವೂ ಹೊಸ ಗ್ರೀಸ್ ತುಂಬಬೇಕಿತ್ತು. ಹೆಸರು ಬಂದದ್ದು ಅದರಿಂದ. ಇವತ್ತಿನ ಡಿಸ್ಕ್ ಬ್ರೇಕೂ ಕಾಯುತ್ತದೆ. ಉದ್ದಕ್ಕೂ ಒತ್ತಿ ಹಿಡಿಯದೆ, ತಿರುವಿಗೆ ಮುಂಚೆ ಗಟ್ಟಿಯಾಗಿ ಒತ್ತಿ ಬಿಟ್ಟುಬಿಡಿ. ಪ್ಯಾಡ್ ಸವೆದಿದೆಯಾ ಅಂತ ಹಿಂದಿನ ದಿನವೇ ನೋಡಿ. ಬೆಳಿಗ್ಗೆ ಗೊತ್ತಾದರೆ ಏನೂ ಮಾಡಲಾಗುವುದಿಲ್ಲ.

ಚೀಲದಲ್ಲಿ ಒಂದು ಟ್ಯೂಬ್ (ಟ್ಯೂಬ್‌ಲೆಸ್ ಟೈರ್ ಆದರೂ ಬೇಕು), ಪಂಪ್, ಟೈರ್ ಬಿಚ್ಚುವ ಲಿವರ್, ಚೈನ್ ಬಿಚ್ಚುವ ಟೂಲ್, ತುಂಡಾದ ಚೈನನ್ನು ಮತ್ತೆ ಜೋಡಿಸಲು ನಿಮ್ಮ ಚೈನಿಗೆ ಸರಿಯಾದ ಕ್ವಿಕ್ ಲಿಂಕ್ ಅನ್ನುವ ಕೊಂಡಿ. ಖಾಲಿ ಟೂತ್‌ಪೇಸ್ಟ್ ಟ್ಯೂಬನ್ನು ಕತ್ತರಿಸಿ, ತೊಳೆದು, ಬೆರಳುದ್ದದ ತುಂಡೊಂದನ್ನು ಇಟ್ಟುಕೊಳ್ಳಿ. ಚೂಪು ಕಲ್ಲು ಟೈರಿನ ಪಕ್ಕವನ್ನು ಸೀಳಿದಾಗ ಒಳಗಿನಿಂದ ಆ ತುಂಡನ್ನು ಒತ್ತಿಟ್ಟರೆ ಟ್ಯೂಬ್ ಹೊರಗೆ ಉಬ್ಬುವುದಿಲ್ಲ, ಮನೆ ಮುಟ್ಟಬಹುದು.

ಇನ್ನೊಂದು ವಸ್ತು ಇದೆ, ಹೆಚ್ಚಿನವರು ಮರೆಯುವುದು: ಡಿರೇಲರ್ ಹ್ಯಾಂಗರ್. ಹಿಂದಿನ ಗೇರನ್ನು ಫ್ರೇಮಿಗೆ ಹಿಡಿದಿಡುವ ಹೆಬ್ಬೆರಳಿನಷ್ಟು ಅಲ್ಯೂಮಿನಿಯಂ ತುಂಡು. ಪೆಟ್ಟು ಬಿದ್ದರೆ ಫ್ರೇಮ್ ಉಳಿಸಿ ತಾನು ಮುರಿಯಲೆಂದೇ ಅದನ್ನು ಮೆತ್ತಗೆ ಮಾಡಿರುತ್ತಾರೆ. ಒಮ್ಮೆ ನನ್ನ ಸೈಕಲ್ ನಿಂತಲ್ಲಿಂದ ಸುಮ್ನೆ ಬಲಕ್ಕೆ ಬಿತ್ತು, ಅಷ್ಟೇ. ಎತ್ತಿ ಹೊರಟು ದೊಡ್ಡ ಗೇರಿಗೆ ಹಾಕಿದ ಕೂಡಲೇ ಟಕ್ ಅಂತ ಸದ್ದಾಯಿತು. ಬಾಗಿದ್ದ ಹ್ಯಾಂಗರ್ ಗೇರನ್ನು ಕಡ್ಡಿಗಳೊಳಕ್ಕೆ ತಳ್ಳಿತ್ತು. ಒಂಬತ್ತು ಕಿಲೋಮೀಟರ್ ತಳ್ಳಿಕೊಂಡು ಬಂದೆ. ಹ್ಯಾಂಗರ್ ಒಂದೊಂದು ಸೈಕಲ್ಲಿಗೂ ಬೇರೆ ಬೇರೆ, ದಾರಿಯಲ್ಲಿ ಸಾಲ ಕೇಳಿ ಪಡೆಯಲು ಆಗುವುದಿಲ್ಲ. ನಿಮ್ಮದಕ್ಕೆ ಹೊಂದುವುದೊಂದನ್ನು ತಂದು ಸೀಟಿನ ಕೆಳಗೆ ಟೇಪ್ ಸುತ್ತಿ ಇಟ್ಟುಬಿಡಿ.

ನೋಡಲು ಜಾಗ ಆರಿಸಿ

ಇಷ್ಟೆಲ್ಲ ಹತ್ತುವುದು ನೋಡಲಿಕ್ಕೇ ತಾನೆ. ಆದರೆ ಸವಾರಿ ಮಾಡುತ್ತಾ ನೋಡಬೇಡಿ. ಕಣ್ಣು ಹೋದ ಕಡೆಗೇ ಸೈಕಲ್ ಹೋಗುತ್ತದೆ. ಕಣಿವೆ ನೋಡಿದರೆ ಚಕ್ರ ಕಣಿವೆಯ ಅಂಚಿಗೆ ವಾಲುತ್ತದೆ. ಮ್ಯಾಪಿನಲ್ಲಿ ಎರಡೋ ಮೂರೋ ಜಾಗ ಮೊದಲೇ ಆರಿಸಿ, ಒಂದೊಂದಕ್ಕೆ ಹದಿನೈದು ನಿಮಿಷ ಕೊಡಿ. ಪಶ್ಚಿಮಕ್ಕೆ ತೆರೆದ ಕಣಿವೆಗೆ ಬೆಳಿಗ್ಗೆ ಬನ್ನಿ, ಸೂರ್ಯ ಬೆನ್ನ ಹಿಂದಿದ್ದು ಎದುರಿನ ಸಾಲುಗಳು ಒಂದೊಂದಾಗಿ ಬಿಡಿಸಿಟ್ಟ ಹಾಗೆ ಕಾಣುತ್ತವೆ. ನಡು ಮಧ್ಯಾಹ್ನದ ಮಂಕಿನಲ್ಲಿ ಅದೇ ನೋಟ ಚಪ್ಪಟೆಯಾಗಿರುತ್ತದೆ.

ಕಿರಿದಾದ ದಾರಿಯಲ್ಲಿ ನಡೆಯುವವರು, ಕುದುರೆ ಎದುರಾದರೆ ನಿಂತು ದಾರಿ ಬಿಡಿ. ಸೈಕಲ್ಲೇ ಎದುರಾದರೆ ಹತ್ತುವವರಿಗೆ ಮೊದಲ ಹಕ್ಕು. ಏರಿನಲ್ಲಿ ಒಮ್ಮೆ ನಿಂತರೆ ಮತ್ತೆ ಹೊರಡುವುದು ಎಷ್ಟು ಕಷ್ಟ ಅಂತ ನಿಮಗೇ ಗೊತ್ತು.

ಹೇಳಿ ಹೋಗಿ

ಮ್ಯಾಪನ್ನು ಫೋನಿಗೆ ಇಳಿಸಿಕೊಳ್ಳಿ, ಸಿಗ್ನಲ್ ಇಲ್ಲದಾಗಲೂ ಕೆಲಸ ಮಾಡುತ್ತದೆ. ಸಿಗ್ನಲ್ ಹುಡುಕುತ್ತಲೇ ಫೋನ್ ಬ್ಯಾಟರಿ ತಿನ್ನುತ್ತದೆ, ಹಾಗಾಗಿ ಏರೋಪ್ಲೇನ್ ಮೋಡ್‌ನಲ್ಲಿಡಿ. ಒಂದು ಸೀಟಿ ಇರಲಿ. ನಿಮಿಷಕ್ಕೆ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಆರು ಸಲ ಊದುವುದು ಬೆಟ್ಟಗಳಲ್ಲಿ ಸಹಾಯ ಕೇಳುವ ಗುರುತು. ಮೂರು ಸಲ ಕೇಳಿಸಿದರೆ ಯಾರೋ ಉತ್ತರ ಕೊಟ್ಟಿದ್ದಾರೆ ಅಂತ ಅರ್ಥ.

ಕೊನೆಗೆ, ಮನೆಯಲ್ಲೋ ಗೆಳೆಯರಲ್ಲೋ ಒಬ್ಬರಿಗೆ ದಾರಿಯ ಚಿತ್ರ ಕಳಿಸಿ. ಎಲ್ಲಿಂದ ಹತ್ತುತ್ತೇವೆ, ಎಲ್ಲಿ ಇಳಿಯುತ್ತೇವೆ, ಎಷ್ಟು ಗಂಟೆಯವರೆಗೆ ಸುದ್ದಿ ಬರದಿದ್ದರೆ ಯಾರಿಗೆ ಫೋನ್ ಮಾಡಬೇಕು, ಈ ಮೂರನ್ನೂ ಬರೆದುಕೊಡಿ. ವಾಪಸ್ ಬಂದ ಮೇಲೆ ಹೆಲ್ಮೆಟ್ ಬಿಚ್ಚುವ ಮುಂಚೆ ಅವರಿಗೆ ಫೋನ್ ಮಾಡಿ, ಬಂದೆವು ಅಂತ ಹೇಳಿ.