ರೋಹಿಣಿ ಮಳೆಗೆ ಮೊದಲು ಜೀಪಿನ ಕಿಂಗ್ ಪಿನ್ ಕೆಲಸ

ಮೂಡಿಗೆರೆಯಿಂದ ಕೊಟ್ಟಿಗೆಹಾರದ ಕಡೆ ಹೋಗುವ ರಸ್ತೆ ಬಿಟ್ಟು ಮೂರು ಕಿಲೋಮೀಟರ್ ಒಳಗೆ ನಮ್ಮ ತೋಟ. ಆ ದಾರಿಯಲ್ಲಿ ಎರಡು ಹಳ್ಳ ದಾಟಬೇಕು. ಅಪ್ಪ 1993ರಲ್ಲಿ ತಗೊಂಡ ಮಹೀಂದ್ರ ಎಂಎಂ 540 ಈಗಲೂ ದಿನಾ ಓಡಾಡುತ್ತದೆ. ಗೊಬ್ಬರ, ಕಾಫಿ ಮೂಟೆ, ಕೆಲಸದವರು, ಒಮ್ಮೊಮ್ಮೆ ಆಸ್ಪತ್ರೆಗೆ ಹೋಗುವವರು, ಎಲ್ಲಾ ಅದರಲ್ಲೇ. ಅದರ ಪ್ಯೂಜೊ 2112 ಸಿಸಿ ಡೀಸೆಲ್ ಎಂಜಿನ್ ನನಗೆ ದೊಡ್ಡ ತೊಂದರೆ ಕೊಟ್ಟಿಲ್ಲ. ನಮ್ಮ ಕಡೆ ಜೀಪು ಹಾಳಾಗೋದು ನೀರಿನಿಂದ. ಆರು ತಿಂಗಳು ಕೆಸರಲ್ಲಿ, ಹಳ್ಳದಲ್ಲಿ ಮುಳುಗಿ ಏಳುವುದು ಮುಂದಿನ ಆಕ್ಸಲ್. ಎಲ್ಲರೂ ಕೊನೆಗೆ ನೋಡುವುದೂ ಅದನ್ನೇ.

ಹೋದ ವರ್ಷ ಕೊಯ್ಲಿನ ಹೊತ್ತಿಗೆ ನಡುಕ ಶುರುವಾಯಿತು. ನಲವತ್ತರ ವೇಗದಲ್ಲಿ ಮುಂದಿನ ಚಕ್ರ ಒಂದು ಸಣ್ಣ ಗುಂಡಿಗೆ ಬಿದ್ದರೆ ಸಾಕು, ಸ್ಟೇರಿಂಗ್ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ವೇಗ ಪೂರ್ತಿ ಇಳಿಸುವ ತನಕ ಬಿಡುತ್ತಿರಲಿಲ್ಲ. ಹಿಂದೆ ಐವತ್ತು ಕೆಜಿ ಮೂಟೆಗಳು, ಪಕ್ಕದಲ್ಲಿ ಮಗಳು. ಆವತ್ತು ನಿಜವಾಗಿ ಹೆದರಿದೆ. ಒಂದು ಗ್ಯಾರೇಜಿನಲ್ಲಿ ಟೈರಾಡ್ ಎಂಡ್, ಅಂದರೆ ಸ್ಟೇರಿಂಗ್ ರಾಡಿನ ತುದಿಯ ಕೀಲು, ಬದಲಿಸಿದರು, ಹೋಗಲಿಲ್ಲ. ವೀಲ್ ಬ್ಯಾಲೆನ್ಸ್ ಮಾಡಿಸಿದೆ, ಹೋಗಲಿಲ್ಲ. ಆಮೇಲೆ ಸ್ಟೇರಿಂಗ್‌ಗೆ ಡ್ಯಾಂಪರ್ ಹಾಕಿಸಿ ಅಂದರು. ಡ್ಯಾಂಪರ್ ಹಾಕಿದರೆ ನಡುಕ ಕಾಣುವುದಿಲ್ಲ, ಸವೆದಿರುವುದು ಮಾತ್ರ ಸವೆಯುತ್ತಲೇ ಇರುತ್ತದೆ. ಬೇಡ ಅಂದೆ.

ಮೇ ತಿಂಗಳಲ್ಲಿ ಕಾಫಿ ಕಣ ಖಾಲಿ ಇರುತ್ತದೆ. ಸಮತಟ್ಟಾದ ಸಿಮೆಂಟ್ ನೆಲ, ಇದಕ್ಕಿಂತ ಒಳ್ಳೆ ಗ್ಯಾರೇಜು ಬೇಕಾ? ಜೀಪನ್ನು ಅಲ್ಲಿ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂದೆ ಜಾಕ್ ಏರಿಸಿ, ಆಕ್ಸಲ್ ಕೆಳಗೆ ಮತ್ತಿ ಮರದ ದಿಮ್ಮಿ ಇಟ್ಟೆ. ಬರೀ ಜಾಕ್ ನಂಬಿ ಯಾರೂ ಜೀಪಿನ ಕೆಳಗೆ ಹೋಗಬೇಡಿ.

ಮೊದಲು ಚಕ್ರದ ಮೇಲೆ ಒಂದು ಕೈ, ಕೆಳಗೆ ಒಂದು ಕೈ ಇಟ್ಟು ಅಲ್ಲಾಡಿಸಿದೆ. ಟಕ್ ಟಕ್ ಅಂತ ಪ್ಲೇ, ಅಂದರೆ ಸಡಿಲ, ಸಿಕ್ಕಿತು. ಇದು ವೀಲ್ ಬೇರಿಂಗಿನದಾ, ಇಲ್ಲಾ ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ಹೊರಳುವ ಗೂಟ, ಕಿಂಗ್ ಪಿನ್ನಿನದಾ? ಅದಕ್ಕೆ ಒಂದು ಸುಲಭ ದಾರಿ ಇದೆ. ಮಗಳನ್ನು ಸೀಟಿನಲ್ಲಿ ಕೂರಿಸಿದೆ.

"ಅಪ್ಪ, ಬ್ರೇಕ್ ಒತ್ತಲಾ?"

"ಒತ್ತು. ನಾನು ಹೇಳೋ ತನಕ ಬಿಡಬೇಡ."

ಬ್ರೇಕ್ ಒತ್ತಿದಾಗ ಹಬ್ಬು, ಡ್ರಮ್ಮು, ಚಕ್ರವನ್ನು ಹೊತ್ತು ಸ್ಟೇರಿಂಗ್ ಜೊತೆ ತಿರುಗುವ ನಕಲ್ ಎಲ್ಲಾ ಒಂದೇ ತುಂಡಿನ ಹಾಗೆ ಗಟ್ಟಿಯಾಗುತ್ತವೆ. ಆಗ ಪ್ಲೇ ಮಾಯವಾದರೆ ತಪ್ಪು ವೀಲ್ ಬೇರಿಂಗಿನದು. ಹಾಗೇ ಉಳಿದರೆ ಕಿಂಗ್ ಪಿನ್ ಬೇರಿಂಗಿನದು. ನಮ್ಮದರಲ್ಲಿ ಉಳಿಯಿತು, ಬಲಗಡೆ ಜಾಸ್ತಿ, ಎಡಗಡೆ ಕಡಿಮೆ. ಎರಡು ನಿಮಿಷದ ಈ ಪರೀಕ್ಷೆಯನ್ನು ಮೊದಲೇ ಮಾಡಿದ್ದರೆ ಟೈರಾಡ್ ಎಂಡಿನ ದುಡ್ಡು ಉಳಿಯುತ್ತಿತ್ತು.

ಬಿಚ್ಚುವ ಮೊದಲು ಊರಿನ ಹಳೆ ಮೇಸ್ತ್ರಿಯನ್ನು ಕಂಡು ಬಂದೆ. ಈಗ ಅವರಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ಕೆಲಸ ಬಿಟ್ಟಿದ್ದಾರೆ. ಅವರು ಹೇಳಿದ್ದು ಒಂದೇ ಮಾತು. "ಗೌಡ್ರೆ, ಶಿಮ್ ಎಷ್ಟಿತ್ತು ಅಂತ ಬರ್ಕೊಂಡೇ ಬಿಚ್ಚಿ. ಮೇಲಿಂದು ಮೇಲೆ, ಕೆಳಗಿಂದು ಕೆಳಗೆ. ಕಲಸಿಬಿಟ್ರೆ ಆಮೇಲೆ ಎರಡು ದಿನ ಹೋಗುತ್ತೆ." ಶಿಮ್ ಅಂದರೆ ಕಿಂಗ್ ಪಿನ್ ಬೇರಿಂಗಿನ ಬಿಗಿ ಹೊಂದಿಸಲು ಇಡುವ ತೆಳ್ಳಗಿನ ತಗಡಿನ ಬಿಲ್ಲೆ.

ಬಲಗಡೆ ಚಕ್ರ, ಹಬ್, ಡ್ರಮ್ ಬಿಚ್ಚಿದೆ. ಬ್ರೇಕ್ ಪ್ಲೇಟನ್ನು ಪೈಪಿನ ಸಮೇತ ತಂತಿಯಲ್ಲಿ ಮೇಲೆ ಕಟ್ಟಿದೆ, ಪೈಪಿನ ಮೇಲೆ ಭಾರ ಬೀಳಬಾರದು. ತುಕ್ಕು ಹಿಡಿದ ಬೋಲ್ಟುಗಳಿಗೆ ಹಿಂದಿನ ರಾತ್ರಿಯೇ ಡೀಸೆಲ್ ಬಿಟ್ಟಿದ್ದೆ. ಟೈರಾಡ್ ಎಂಡ್ ಮೇಲಿನಿಂದ ಹೊಡೆದರೆ ಬರುವುದಿಲ್ಲ, ಥ್ರೆಡ್ ಕೆಡುತ್ತದೆ. ಅದು ಕೂತಿರುವ ಕಿವಿಯ ಎರಡೂ ಕಡೆ ಒಂದೊಂದು ಸುತ್ತಿಗೆ ಹಿಡಿದು ಒಟ್ಟಿಗೆ ಹೊಡೆದರೆ ತಾನೇ ಹಾರಿ ಬರುತ್ತದೆ.

ಆಕ್ಸಲ್ ಶಾಫ್ಟ್ ಎಳೆದಾಗ ಒಳಗಿನ ಗ್ರೀಸ್ ನೋಡಿ ಬೇಜಾರಾಯಿತು. ಹಾಲು ಹಾಕಿದ ಕಾಫಿಯ ಬಣ್ಣ, ಗಂಜಿಯ ಹಾಗೆ ತೆಳ್ಳಗೆ. ಎರಡು ಕಡೆಯಿಂದ ಕೆಟ್ಟಿತ್ತು. ಒಳಗಿನ ಆಕ್ಸಲ್ ಸೀಲ್ ಸೋತು ಡಿಫರೆನ್ಷಿಯಲ್ ಆಯಿಲ್ ಬಂದು ಗ್ರೀಸನ್ನು ಕರಗಿಸಿತ್ತು. ಹೊರಗೆ ಆಕ್ಸಲ್ ತುದಿಯ ಗುಂಡನೆಯ ಬಾಲ್ ಸುತ್ತ ಇರುವ ಫೆಲ್ಟ್, ಅಂದರೆ ಉಣ್ಣೆಯ ಸೀಲ್, ಸವೆದು ಹಳ್ಳದ ನೀರು ಒಳಗೆ ಹೋಗಿತ್ತು. ಕಿಂಗ್ ಪಿನ್ನಿನ ಕೆಳಗಿನ ಬೇರಿಂಗಿನ ಬಟ್ಟಲಲ್ಲಿ ರೋಲರ್ ಕೂತ ಕಡೆಯೆಲ್ಲಾ ಗೆರೆ ಬಿದ್ದಿತ್ತು. ನೀರು ಯಾವಾಗಲೂ ಕೆಳಗೇ ನಿಲ್ಲುತ್ತದೆ ಅಲ್ವಾ, ಮೊದಲು ಸಾಯುವುದೂ ಕೆಳಗಿನ ಬೇರಿಂಗೇ.

ಮೇಲೆ ಕೆಳಗೆ ಎರಡೂ ಹೊಸ ಬೇರಿಂಗ್, ಹೊಸ ಬಟ್ಟಲು, ಒಳಗಿನ ಸೀಲ್ ಹಾಕಿದೆ. ಬೇರಿಂಗ್ ಬದಲಿಸಿ ಹಳೆ ಬಟ್ಟಲು ಉಳಿಸುವವರಿದ್ದಾರೆ, ಅದು ಸುಮ್ನೆ ದಂಡ. ಇನ್ನು ಬಿಗಿ ನೋಡುವ ಕೆಲಸ. ಇಡೀ ರಿಪೇರಿ ನಿಂತಿರುವುದು ಇದರ ಮೇಲೆ. ಶಿಮ್ ತೆಗೆದರೆ ಬಿಗಿಯಾಗುತ್ತದೆ, ಸೇರಿಸಿದರೆ ಸಡಿಲ. ತೆಗೆಯುವಾಗ ಮೇಲೂ ಕೆಳಗೂ ಸಮ ತೆಗೆಯಬೇಕು, ಇಲ್ಲದಿದ್ದರೆ ಶಾಫ್ಟಿನ ಜಾಯಿಂಟ್ ನಡುವಿನಿಂದ ಸರಿಯುತ್ತದೆ. ಹಳೆ ಜೀಪುಗಳ ಲೆಕ್ಕದಲ್ಲಿ, ಫೆಲ್ಟ್ ಸೀಲ್ ಹಾಕುವ ಮೊದಲು, ಸ್ಟೇರಿಂಗ್ ಆರ್ಮಿನ ತೂತಿನಿಂದ ಎಳೆದರೆ ನಕಲ್ ತಿರುಗಲು 12ರಿಂದ 16 ಪೌಂಡ್ ಬೇಕು. ಅಂದರೆ ಐದೂವರೆಯಿಂದ ಏಳು ಕೆಜಿ. ಮೆಣಸು ತೂಗುವ ಸಣ್ಣ ಸ್ಪ್ರಿಂಗ್ ತಕ್ಕಡಿಯನ್ನು ಆ ತೂತಿಗೆ ಸಿಕ್ಕಿಸಿ ಎಳೆದೆ. ಮೊದಲ ಸಲ ಮೂರು ಕೆಜಿಗೇ ತಿರುಗಿತು. ತೆಳ್ಳಗಿನ ಶಿಮ್ ಒಂದೊಂದು ತೆಗೆದೆ, ಒಂಬತ್ತಾಯಿತು. ಬೇರೆ ದಪ್ಪದ್ದು ಹಾಕಿದೆ. ಹೀಗೆ ಐದು ಸಲ ಬಿಚ್ಚಿ ಹಾಕಿದ ಮೇಲೆ ಆರಕ್ಕೆ ಬಂದು ನಿಂತಿತು. ಒಂದು ಮಧ್ಯಾಹ್ನ ಪೂರ್ತಿ ಇದಕ್ಕೇ ಹೋಯಿತು. ಕೈ ಅಂದಾಜಿನಲ್ಲಿ ಬಿಟ್ಟುಬಿಡೋಣ ಅನ್ನಿಸುವುದು ಸಹಜ. ಬಿಡಬೇಡಿ.

ಬೇರಿಂಗಿಗೆ ಗ್ರೀಸ್ ಮೇಲೆ ಸವರಿದರೆ ಸಾಲದು. ಅಂಗೈಯಲ್ಲಿ ಗ್ರೀಸ್ ಇಟ್ಟುಕೊಂಡು, ಬೇರಿಂಗಿನ ದಪ್ಪ ಬದಿಯನ್ನು ಅದಕ್ಕೆ ಒತ್ತಿ ಒತ್ತಿ, ಆ ಕಡೆಯಿಂದ ಹೊರಗೆ ಬರುವ ತನಕ ತುಂಬಬೇಕು. ವೀಲ್ ಬೇರಿಂಗಿನ ಒಳ ನಟ್ಟನ್ನು ಚಕ್ರ ತಿರುಗಿಸುತ್ತಲೇ ಬಿಗಿ ಮಾಡಿ, ಚಕ್ರ ಹಿಡಿದಂತಾದ ಮೇಲೆ ಸುತ್ತಿನ ಆರನೇ ಒಂದು ಭಾಗ ಹಿಂದೆ ಬಿಟ್ಟೆ. ಆಮೇಲೆ ಲಾಕ್ ವಾಷರ್, ಹೊರ ನಟ್, ವಾಷರಿನ ಕಿವಿ ಮಡಚಿದ್ದು.

ಹೇಗೂ ಡ್ರಮ್ ಬಿಚ್ಚಿತ್ತು, ವೀಲ್ ಸಿಲಿಂಡರಿನ ರಬ್ಬರೂ ಬದಲಿಸಿದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ನಮ್ಮ ಮಳೆಯಲ್ಲಿ ಕೇಳಬೇಕಾ? ಅದಕ್ಕೇ ಹಳೆಯದನ್ನೆಲ್ಲಾ ತೆಗೆದು ಹೊಸ ಡಾಟ್ 3 ಹಾಕಿ, ದೂರದ ಎಡ ಹಿಂದಿನ ಚಕ್ರದಿಂದ ಶುರು ಮಾಡಿ ಗಾಳಿ ತೆಗೆದೆವು. ಪೆಡಲ್ ಒತ್ತುವ ಕೆಲಸ ಮತ್ತೆ ಮಗಳದ್ದೇ. ಕೊನೆಗೆ ಚಾಸಿ ತೊಳೆದು, ಕೆಸರು ಕಟ್ಟಿದ ನೀರಿನ ತೂತುಗಳನ್ನು ತಂತಿಯಲ್ಲಿ ಬಿಡಿಸಿದೆ. ಹಳೆ ಎಂಜಿನ್ ಆಯಿಲ್ ಚಾಸಿಗೆ ಹೊಡೆಯುವ ಅಭ್ಯಾಸ ನಮ್ಮ ಕಡೆ ಇದೆ. ನಾನು ಹೊಡೆಯುವುದಿಲ್ಲ. ಬುಷ್ ರಬ್ಬರ್ ಕೊಳೆಯುತ್ತದೆ, ತೊಟ್ಟಿಕ್ಕುವ ಎಣ್ಣೆ ನಮ್ಮ ಹಳ್ಳಕ್ಕೇ ಸೇರುತ್ತದೆ.

ಎಡಗಡೆಯೂ ಹೀಗೇ ಮಾಡಿದೆ, ಆದರೆ ಅಲ್ಲಿ ಒಂದು ಕೊರತೆ ಉಳಿಯಿತು. ಬಾಲಿನ ಮೈ ಮೇಲೆ ತುಕ್ಕು ತಿಂದ ಗುಳಿಗಳಿದ್ದವು. ಎಮರಿ ಪೇಪರಿನಲ್ಲಿ ಉಜ್ಜಿದೆ, ಸಣ್ಣವು ಹೋದವು, ಎರಡು ಮೂರು ಆಳದವು ಹೋಗಲಿಲ್ಲ. ಅವುಗಳ ಮೇಲೆ ಓಡಾಡುವ ಫೆಲ್ಟ್ ಬೇಗ ಸವೆಯುತ್ತದೆ ಅಂತ ಗೊತ್ತಿತ್ತು. ರೋಹಿಣಿ ಮಳೆ ಹತ್ತಿರ ಬಂದಿತ್ತು, ಹೊಸ ಫೆಲ್ಟ್ ಹಾಕಿ ಮುಚ್ಚಿದೆ.

ನಡುಕ ಹೋಯಿತು. ಗುಂಡಿಗೆ ಬಿದ್ದರೆ ಒಂದು ಸಲ ಕುಲುಕಿ ಸುಮ್ಮನಾಗುತ್ತದೆ. ಆಶ್ಲೇಷ ಮಳೆಯಲ್ಲಿ ಒಂದು ದಿನ ಬಿಡುವು ಸಿಕ್ಕಾಗ ಎರಡೂ ಕಡೆ ಗ್ರೀಸ್ ತುಂಬುವ ಪ್ಲಗ್ ಬಿಚ್ಚಿ ಕಡ್ಡಿ ಹಾಕಿ ನೋಡಿದೆ. ಬಲಗಡೆ ಗ್ರೀಸ್ ಹಾಕಿದ ಹಾಗೇ ಇತ್ತು. ಎಡಗಡೆಯದು ಅಂಚಿನಲ್ಲಿ ಬೆಳ್ಳಗಾಗಲು ಶುರುವಾಗಿತ್ತು. ಆ ಬಾಲ್ ಬರುವ ಮೇ ತಿಂಗಳಲ್ಲಿ ಬದಲಿಸಬೇಕು. ಈಗಲೇ ಹುಡುಕಲು ಹೇಳಿಟ್ಟಿದ್ದೇನೆ.