ಸಿಂಧನೂರಿನಲ್ಲಿ ಕೂತು ರೇಡಿಯೊ ಫೋರ್ ಕೇಳುವುದು ಹೇಗೆ

ಬಿಬಿಸಿ ರೇಡಿಯೊ ಫೋರ್ ಅಂದರೆ ಬ್ರಿಟನ್ನಿನ ಮಾತಿನ ರೇಡಿಯೊ. 1967ರಲ್ಲಿ ಈ ಹೆಸರು ಬಂತು. ಹಾಡು ಅಪರೂಪ, ಜಾಹೀರಾತು ಇಲ್ಲವೇ ಇಲ್ಲ. ಸುದ್ದಿ, ನಾಟಕ, ಚರ್ಚೆ, ಹಾಸ್ಯ, ಹವಾಮಾನ, ಕೈತೋಟ ಅಂತ ದಿನಪೂರ್ತಿ ಮಾತು. ಸಿಂಧನೂರಿನ ನಮ್ಮ ಬೀಜ, ಗೊಬ್ಬರದ ಅಂಗಡಿಯಲ್ಲಿ ಕೂತು ನಾನು ಇದನ್ನು ನಾಲ್ಕು ವರ್ಷದಿಂದ ಕೇಳುತ್ತಿದ್ದೇನೆ. ಇಂಗ್ಲಿಷ್ ಓದಿದರೆ ತಿಳಿಯುತ್ತದೆ, ಯಾರಾದರೂ ಮಾತಾಡಿದರೆ ತಲೆಗೆ ಹತ್ತುವುದಿಲ್ಲ ಅನ್ನುವವರು ನಮ್ಮ ಕಡೆ ಬಹಳ ಜನ ಇದ್ದಾರೆ, ನಾನೂ ಹಾಗೇ ಇದ್ದೆ. ಅಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಕೇಳೋದು ಸುಲಭ. ಬಿಬಿಸಿಯ ಆ್ಯಪ್ ಅಥವಾ ವೆಬ್‌ಸೈಟ್ ತೆರೆದು ಆಡಿಯೊ ಭಾಗಕ್ಕೆ ಹೋದರೆ ರೇಡಿಯೊ ಫೋರ್ ಲೈವ್ ಸಿಗುತ್ತದೆ. ಬಿಬಿಸಿ ಸೌಂಡ್ಸ್ ಅನ್ನುವ ಬೇರೆ ಆ್ಯಪ್ ಹುಡುಕುತ್ತಾ ಕೂರಬೇಡಿ, 2025ರ ಜುಲೈನಿಂದ ಅದು ಬ್ರಿಟನ್ನಿನಲ್ಲಿ ಇರುವವರಿಗೆ ಮಾತ್ರ. ಡೇಟಾ ಜಾಸ್ತಿ ಖರ್ಚಾಗುವುದಿಲ್ಲ. 96 ಕೆಬಿಪಿಎಸ್ ಸ್ಟ್ರೀಮ್ ಆದರೆ ಗಂಟೆಗೆ ಸುಮಾರು 43 ಎಂಬಿ, ಅಷ್ಟೇ.

ಎಲ್ಲರೂ ಎಡವುವುದು ಗಡಿಯಾರದ ಹತ್ತಿರ. ಚಳಿಗಾಲದಲ್ಲಿ ಅವರು ನಮಗಿಂತ ಐದೂವರೆ ಗಂಟೆ ಹಿಂದೆ. ಮಾರ್ಚ್ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಇಡುತ್ತಾರೆ, ಅಕ್ಟೋಬರ್ ಕೊನೆಯ ಭಾನುವಾರ ವಾಪಸ್ ಹಿಂದೆ ತರುತ್ತಾರೆ. ಇವೆರಡರ ನಡುವಿನ ತಿಂಗಳುಗಳಲ್ಲಿ ಅಂತರ ನಾಲ್ಕೂವರೆ ಗಂಟೆ. ನಾನಿಲ್ಲಿ ಚಳಿಗಾಲದ ಲೆಕ್ಕ ಹೇಳುತ್ತಿದ್ದೇನೆ, ಬೇಸಿಗೆಯಲ್ಲಿ ಎಲ್ಲದಕ್ಕೂ ಒಂದು ಗಂಟೆ ಕಳೆಯಿರಿ. ಇನ್ನೊಂದು, ಇಂಟರ್ನೆಟ್‌ನಲ್ಲಿ ದನಿ ಸ್ವಲ್ಪ ತಡವಾಗಿ ಬರುತ್ತದೆ. ಗಂಟೆ ತುಂಬುವಾಗ ಐದು ಸಣ್ಣ ಪಿಪ್, ಆಮೇಲೆ ಒಂದು ಉದ್ದನೆಯ ಪಿಪ್ ಕೇಳಿಸುತ್ತದಲ್ಲ, 1924ರಿಂದ ಬಂದ ಪದ್ಧತಿ ಅದು, ಅದನ್ನು ನಂಬಿ ಕೈಗಡಿಯಾರ ಸರಿಮಾಡಬೇಡಿ.

ಮೊದಲ ವಾರ ನಾನು ಬೆಳಗಿನಿಂದ ರಾತ್ರಿವರೆಗೆ ಹಚ್ಚಿಟ್ಟೆ. ಏನೂ ಉಳಿಯಲಿಲ್ಲ, ಕಿವಿಯಲ್ಲಿ ಬರೀ ಗದ್ದಲ. ಸುಮ್ನೆ ಹಚ್ಚಿಟ್ಟರೆ ಪ್ರಯೋಜನವಿಲ್ಲ. ದಿನಕ್ಕೆ ಒಂದು ಕಾರ್ಯಕ್ರಮ, ಅದೇ ಹೊತ್ತಿಗೆ, ತಿಂಗಳುಪೂರ್ತಿ ಕೇಳಿ.

ಯಾವುದರಿಂದ ಶುರು ಮಾಡಬೇಕು ಅಂದರೆ ನನ್ನ ಉತ್ತರ ಶಿಪ್ಪಿಂಗ್ ಫೋರ್‌ಕಾಸ್ಟ್. ಅಲ್ಲಿ ಮಧ್ಯರಾತ್ರಿ ದಾಟಿ 12:48, ನಮಗೆ ಬೆಳಗ್ಗೆ 6:18, ಅಂಗಡಿ ತೆರೆಯುವ ಮುಂಚೆ ಚಹಾ ಕುಡಿಯುವ ಹೊತ್ತು. ಹಡಗಿನವರಿಗೆ ಕೊಡುವ ಹವಾಮಾನ ಇದು. ಬ್ರಿಟನ್ನಿನ ಸುತ್ತಲ ಸಮುದ್ರವನ್ನು 31 ಭಾಗ ಮಾಡಿದ್ದಾರೆ, ವೈಕಿಂಗ್‌ನಿಂದ ಶುರುವಾಗಿ ನಾರ್ತ್ ಉತ್ಸೀರಾ, ಸೌತ್ ಉತ್ಸೀರಾ, ಫೋರ್ಟೀಸ್, ಕ್ರೊಮಾರ್ಟಿ, ಫೋರ್ತ್, ಟೈನ್, ಡಾಗರ್, ಫಿಶರ್ ಅಂತ ಪ್ರತಿದಿನ ಅದೇ ಸಾಲು. ಒಂದೊಂದು ಭಾಗಕ್ಕೂ ಮೊದಲು ಗಾಳಿ, ಆಮೇಲೆ ಮಳೆ, ಕೊನೆಗೆ ಕಣ್ಣಿಗೆ ಎಷ್ಟು ದೂರ ಕಾಣುತ್ತದೆ ಅನ್ನುವುದು. 'ಸೌತ್‌ವೆಸ್ಟರ್ಲಿ ಫೈವ್ ಟು ಸೆವೆನ್' ಅಂದರೆ ನೈಋತ್ಯದ ಗಾಳಿ, ಬಿರುಸು ಐದರಿಂದ ಏಳು. ಕೊನೆಯ 'ಗುಡ್, ಅಕೇಷನಲಿ ಪೂರ್' ಅನ್ನುವುದು ಹವೆ ಚೆನ್ನಾಗಿದೆಯೋ ಇಲ್ಲವೋ ಅನ್ನುವ ಮಾತಲ್ಲ, ಹಡಗಿನಿಂದ ಎಷ್ಟು ದೂರ ಕಾಣುತ್ತದೆ ಅನ್ನುವ ಲೆಕ್ಕ. ಹಳೆ ಬಿಲ್ ಬುಕ್ಕಿನ ಹಿಂದೆ ಈ ಹೆಸರು ಬರೆದುಕೊಂಡು, ಬೆರಳಿಟ್ಟು ಕೇಳಿ. ಪದಗಳು ಕಡಿಮೆ, ಜಾಗ ಬದಲಾಗುವುದಿಲ್ಲ, ಓದುವವರಿಗೆ ಅವಸರವಿಲ್ಲ. ಹದಿನೈದು ದಿನದಲ್ಲಿ ಬೆರಳು ದನಿಯ ಜೊತೆಗೇ ಓಡುತ್ತದೆ. ಸಮುದ್ರವನ್ನೇ ನೋಡದ ನಮ್ಮ ಅಪ್ಪ ಈಗ ದಿನಾ ಬೆಳಗ್ಗೆ 'ಡಾಗರ್‌ನಾಗ ಇವತ್ತು ಗಾಳಿ ಹೆಂಗೈತಿ' ಅಂತ ಕೇಳುತ್ತಾರೆ.

6:30ಕ್ಕೆ ರೇಡಿಯೊ ಫೋರ್ ಮಲಗುತ್ತದೆ, ಅದೇ ಜಾಗದಲ್ಲಿ ಬಿಬಿಸಿಯದೇ ವರ್ಲ್ಡ್ ಸರ್ವಿಸ್ ಬರುತ್ತದೆ. ಅಲ್ಲಿ ಬೆಳಗಾಗುವಷ್ಟರಲ್ಲಿ ನಮಗೆ ಮಧ್ಯಾಹ್ನ ಹತ್ತಿರ. 11:30ರಿಂದ 2:30ರವರೆಗೆ ಟುಡೇ, 1957ರಲ್ಲಿ ಶುರುವಾದ ಸುದ್ದಿ ಕಾರ್ಯಕ್ರಮ, ದೇಶದ ಮಂತ್ರಿಗಳನ್ನು ಕೂರಿಸಿ ಬಿಡದೆ ಪ್ರಶ್ನೆ ಕೇಳುತ್ತಾರೆ. ಮೂರು ಗಂಟೆ ಕೇಳುವುದು ಬೇಡ. ಅವರ 8:10ಕ್ಕೆ, ಅಂದರೆ ನಮ್ಮ 1:40ಕ್ಕೆ, ಆ ದಿನದ ಮುಖ್ಯ ಸಂದರ್ಶನ ಬರುತ್ತದೆ. ಊಟಕ್ಕೆ ಕೂತಾಗ ಅದೊಂದನ್ನು ಹಿಡಿಯಿರಿ. ಅದಕ್ಕೆ ಮುಂಚೆ ಕನ್ನಡ ಪೇಪರಿನ ವಿದೇಶ ಸುದ್ದಿಯ ಪುಟ ಓದಿಕೊಂಡಿರಬೇಕು. ವಿಷಯ ಗೊತ್ತಿದ್ದರೆ ಅರ್ಧ ಮಾತು ತಾನಾಗಿ ತಿಳಿಯುತ್ತದೆ.

3:30ಕ್ಕೆ ವುಮನ್ಸ್ ಅವರ್, 1946ರಿಂದ ಇದೆ, ಹೆಣ್ಣುಮಕ್ಕಳ ಆರೋಗ್ಯ, ಕೆಲಸ, ಮನೆ, ಕಾನೂನು ಎಲ್ಲ ಮುಚ್ಚುಮರೆಯಿಲ್ಲದೆ ಮಾತಾಡುತ್ತಾರೆ. ಡಿಗ್ರಿ ಓದುವ ನನ್ನ ತಂಗಿ ಇದನ್ನೇ ಕೇಳುತ್ತಾಳೆ. ಸಂಜೆ 6:30ಕ್ಕೆ ಅವರ ಮಧ್ಯಾಹ್ನದ ಸುದ್ದಿ, ನಮ್ಮಲ್ಲಿ ಅದು ಗಿರಾಕಿಗಳ ಹೊತ್ತು, ನಾನು ಬಿಟ್ಟುಬಿಡುತ್ತೇನೆ.

7:30ಕ್ಕೆ ಮಾತ್ರ ಯಾರೂ ನನ್ನನ್ನು ಕರೆಯುವ ಹಾಗಿಲ್ಲ. ದಿ ಆರ್ಚರ್ಸ್ ಬರುವ ಹೊತ್ತು. ಅಲ್ಲಿ ಸಂಜೆ ಏಳಕ್ಕೆ ಬಂದದ್ದನ್ನು ಮರುದಿನ ಮಧ್ಯಾಹ್ನ ಎರಡಕ್ಕೆ ಮತ್ತೆ ಹಾಕುತ್ತಾರೆ, ನಮಗೆ ಅನುಕೂಲ ಆ ಮರುಪ್ರಸಾರ, ಸೋಮವಾರದಿಂದ ಶುಕ್ರವಾರದವರೆಗೆ. ಆ್ಯಂಬ್ರಿಜ್ ಅನ್ನುವ ಕಾಲ್ಪನಿಕ ಹಳ್ಳಿಯ ಧಾರಾವಾಹಿ, 1951ರ ಜನವರಿ 1ರಿಂದ ನಡೆದಿದೆ. ಯುದ್ಧ ಮುಗಿದರೂ ಅಲ್ಲಿ ರೇಷನ್ ಮುಗಿದಿರಲಿಲ್ಲ, ಬೆಳೆ ಹೆಚ್ಚಬೇಕಿತ್ತು, ರೈತರಿಗೆ ಹೊಸ ವಿಷಯ ಮುಟ್ಟಿಸುವುದಕ್ಕೆ ಕೃಷಿ ಇಲಾಖೆಯ ಸಲಹೆ ತೆಗೆದುಕೊಂಡು ಕಥೆ ಕಟ್ಟಿದರು. ಆಕಾಶವಾಣಿಯ ಕೃಷಿರಂಗ ಕೇಳಿ ಬೆಳೆದ ನಮಗೆ ಇದು ಹೊಸದೇನಲ್ಲ ಅಲ್ವಾ? ಹಾಲಿನ ರೇಟು, ಹೊಲ ಯಾರಿಗೆ ಅನ್ನುವ ಅಣ್ಣತಮ್ಮಂದಿರ ಜಗಳ, ಮಳೆಗೆ ಮುಂಚೆ ಕೊಯ್ಲು ಮುಗಿಸುವ ಗಡಿಬಿಡಿ. ನೆಲ್ಲು ಕೊಯ್ಲಿನ ಹೊತ್ತಲ್ಲಿ ಮೋಡ ನೋಡುತ್ತಾ ಕೂತ ಯಾರಿಗೂ ಆ ದನಿಯ ಆತಂಕಕ್ಕೆ ಡಿಕ್ಷನರಿ ಬೇಕಾಗಿಲ್ಲ. ಕಂತು ಸುಮಾರು 13 ನಿಮಿಷ, ಒಂದು ಪ್ಲೇಟ್ ಒಗ್ಗರಣಿ ಮಿರ್ಚಿ ಮುಗಿಯುವಷ್ಟು ಹೊತ್ತು. ಶುರುವಿಗೆ ಹೆಸರುಗಳು ಗೊಂದಲ ಮಾಡುತ್ತವೆ. ಒಂದು ಮನೆತನ ಹಿಡಿದುಕೊಳ್ಳಿ, ಉಳಿದವರನ್ನು ಸದ್ಯಕ್ಕೆ ಬಿಡಿ.

ತಪ್ಪಿಹೋದರೆ ಪಾಡ್‌ಕಾಸ್ಟ್ ಆ್ಯಪ್‌ನಲ್ಲಿ ಹುಡುಕಿ, ಆರ್ಚರ್ಸ್ ಅಲ್ಲಿದೆ. 1998ರಲ್ಲಿ ಶುರುವಾದ ಇನ್ ಅವರ್ ಟೈಮ್ ಕೂಡ ಇದೆ, ಒಂದು ವಿಷಯ ಹಿಡಿದು ವಿದ್ವಾಂಸರು ಕೂತು ಮಾತಾಡುವ ಕಾರ್ಯಕ್ರಮ, ಸಾವಿರಕ್ಕೂ ಜಾಸ್ತಿ ಕಂತು ಆಗಿದೆ. ಅದನ್ನು ಭಾನುವಾರಕ್ಕೆ ಇಟ್ಟುಕೊಳ್ಳಿ. ಮನೆಯ ವೈಫೈನಲ್ಲಿ ರಾತ್ರಿಯೇ ಡೌನ್‌ಲೋಡ್ ಮಾಡಿಟ್ಟರೆ ಹೊಲದ ಕಡೆ ಸಿಗ್ನಲ್ ಇಲ್ಲದ ಜಾಗದಲ್ಲೂ ಕೇಳಬಹುದು.