ಗೂಗಲ್‌ಗೆ ಪಿಂಗ್ ಹೋಗುತ್ತೆ, ಪಕ್ಕದ ಡಬ್ಬಕ್ಕೆ ಹೋಗಲ್ಲ

ಕೋಲಾರದ ಎಪಿಎಂಸಿಯಲ್ಲಿ ಒಂದು ಟೊಮೆಟೊ ಮಂಡಿಯ ನೆಟ್‌ವರ್ಕ್ ನಾನೇ ನೋಡಿಕೊಳ್ಳುತ್ತೇನೆ. ಸೀಸನ್ ಜೋರಾಗಿದ್ದಾಗ ಅಲ್ಲಿನ ಬಿಲ್ಲಿಂಗ್ ಬ್ಯಾಕಪ್ ನಿಂತುಹೋಯಿತು. ಬ್ಯಾಕಪ್ ಸ್ಕ್ರಿಪ್ಟ್ ಮೊದಲು ಫೈರ್‌ವಾಲ್‌ಗೆ, ಅಂದರೆ ನಮ್ಮ ನೆಟ್‌ವರ್ಕ್‌ಗೂ ಇಂಟರ್ನೆಟ್‌ಗೂ ನಡುವೆ ಕಾವಲಿರುವ ಡಬ್ಬಕ್ಕೆ, ಪಿಂಗ್ ಮಾಡುತ್ತದೆ, ಇದ್ದೀಯಾ ಎಂದು ಕೇಳುವ ಚಿಕ್ಕ ಪ್ಯಾಕೆಟ್ ಕಳಿಸುತ್ತದೆ. ಉತ್ತರ ಬರದಿದ್ದರೆ ನೆಟ್ ಇಲ್ಲ ಅಂದುಕೊಂಡು ಸುಮ್ನೆ ಕೂರುತ್ತದೆ. ಬಿಲ್ ಹಾಕುವ ಹುಡುಗ ಫೋನ್ ಮಾಡಿದ. "ಅಣ್ಣಾ, ಗೂಗಲ್‌ನ 8.8.8.8ಕ್ಕೆ ಪಿಂಗ್ ಹೋಗುತ್ತೆ. ಪಕ್ಕದಲ್ಲೇ ಇರೋ ಡಬ್ಬಕ್ಕೆ ಹೋಗಲ್ಲ. ಏನಣ್ಣಾ ಇದು?"

ಅರ್ಧ ಉತ್ತರ ಅವನ ಮಾತಲ್ಲೇ ಇತ್ತು. ಅದು ಎರಡು ಲ್ಯಾನ್ ಕಾರ್ಡ್ ಇರುವ ಲಿನಕ್ಸ್ ಡಬ್ಬ, ಒಳಗೆ ಐಪಿಟೇಬಲ್ಸ್, ಅಂದರೆ ಯಾವ ಪ್ಯಾಕೆಟ್ ಬಿಡಬೇಕು, ಯಾವುದು ತಡೆಯಬೇಕು ಎಂದು ನೋಡುವ ಲಿನಕ್ಸ್ ಫೈರ್‌ವಾಲ್. ಡಬ್ಬವನ್ನು ದಾಟಿ ಹೊರಗೆ ಹೋಗುವ ಪ್ಯಾಕೆಟ್ ಫಾರ್ವರ್ಡ್ ಚೈನ್‌ಗೆ ಬೀಳುತ್ತದೆ; ಚೈನ್ ಅಂದರೆ ರೂಲ್‌ಗಳ ಪಟ್ಟಿ. ಡಬ್ಬಕ್ಕೇ ಬಂದ ಪ್ಯಾಕೆಟ್ ಇನ್‌ಪುಟ್ ಚೈನ್‌ಗೆ. ಗೂಗಲ್ ಉತ್ತರ ಕೊಡುತ್ತಿದೆ ಅಂದರೆ ಫಾರ್ವರ್ಡ್ ಸರಿ ಇದೆ ಅಂತಾಯಿತು, ಅನುಮಾನ ಇನ್‌ಪುಟ್ ಮೇಲೆ.

ಆದರೂ ರೂಲ್‌ಗೆ ಕೈ ಹಾಕುವ ಮುಂಚೆ ಪ್ಯಾಕೆಟ್ ನೋಡಬೇಕು. ಒಳಗಿನ ಕಾರ್ಡ್ ಮೇಲೆ ಪ್ಯಾಕೆಟ್ ತೋರಿಸುವ ಟಿಸಿಪಿಡಂಪ್ ಓಡಿಸಿ, ಪಿಂಗ್ ಬಳಸುವ ಐಸಿಎಂಪಿ ಮಾತ್ರ ತೋರಿಸು ಎಂದೆ. ಎಕೋ ರಿಕ್ವೆಸ್ಟ್, ಅಂದರೆ ಪಿಂಗ್‌ನ ಪ್ರಶ್ನೆ, ಒಂದರ ಹಿಂದೆ ಒಂದು ಬರುತ್ತಿತ್ತು, ರಿಪ್ಲೈ ಒಂದೂ ಇಲ್ಲ. ಒಳಬರುವ ಪ್ಯಾಕೆಟ್ ಟಿಸಿಪಿಡಂಪ್‌ಗೆ ಕಾಣುವುದು ಫೈರ್‌ವಾಲ್ ಅದನ್ನು ಮುಟ್ಟುವ ಮೊದಲೇ. ಹಾಗಾಗಿ ಕೇಬಲ್, ಸ್ವಿಚ್ ಮೇಲಿನ ಅನುಮಾನ ಅಲ್ಲಿಗೇ ಮುಗಿಯಿತು.

ಆಮೇಲೆ ಇನ್‌ಪುಟ್ ಚೈನ್‌ನ ರೂಲ್‌ಗಳನ್ನು ಲೈನ್ ನಂಬರ್, ಕೌಂಟರ್ (ಆ ರೂಲ್‌ಗೆ ಎಷ್ಟು ಪ್ಯಾಕೆಟ್ ಸಿಕ್ಕಿತು ಎಂಬ ಲೆಕ್ಕ) ಸಮೇತ ತೆಗೆದೆ. ಹುಡುಗನಿಗೆ ಪಿಂಗ್ ಬಿಡ್ತಾ ಇರು ಎಂದೆ. ಮೂರನೇ ಸಾಲಿನ ಕೌಂಟರ್ ಮಾತ್ರ ಪ್ರತಿ ಪಿಂಗ್‌ಗೂ ಒಂದೊಂದೇ ಏರುತ್ತಿತ್ತು: ಐಸಿಎಂಪಿ, ಡ್ರಾಪ್, ಅಂದರೆ ಉತ್ತರ ಕೊಡದೆ ಬಿಸಾಡು. ಲ್ಯಾನ್‌ಗೆ ಅನುಮತಿ ಕೊಡುವ ಸಾಲು ಅದರ ಕೆಳಗೆ, ನಾಲ್ಕನೆಯದು. ಐಪಿಟೇಬಲ್ಸ್ ಮೇಲಿನಿಂದ ಓದುತ್ತದೆ. ಮೊದಲು ಹೊಂದಿದ ರೂಲ್ ಡ್ರಾಪ್ ಅಂದರೆ ಮುಗೀತು, ಕೆಳಗೆ ನೋಡುವುದಿಲ್ಲ. ಹೊರಗಿನವರ ಪಿಂಗ್ ತಡೆಯಲು ಯಾರೋ ಆ ಸಾಲು ಸೇರಿಸಿದ್ದರು, ಯಾವ ಕಾರ್ಡ್ ಅಂತ ಮಾತ್ರ ಬರೆದಿರಲಿಲ್ಲ.

ಇಂಥ ಹೊತ್ತಲ್ಲಿ ಜಾಸ್ತಿ ಜನ ಎಲ್ಲ ರೂಲ್ ಒಮ್ಮೆ ಫ್ಲಶ್ ಮಾಡಿ, ಅಂದರೆ ಅಳಿಸಿ, ನೋಡೋಣ ಅಂತಾರೆ. ಯಾವ ರೂಲ್‌ಗೂ ಸಿಗದ ಪ್ಯಾಕೆಟ್‌ನ ಡೀಫಾಲ್ಟ್ ಪಾಲಿಸಿ ಡ್ರಾಪ್ ಇದ್ದರೆ ಫ್ಲಶ್ ಆದ ಕ್ಷಣ ಎಲ್ಲವೂ ಬಂದ್, ದೂರದಿಂದ ಡಬ್ಬಕ್ಕೆ ಲಾಗಿನ್ ಆಗಿರುವ ನಿಮ್ಮ ಎಸ್‌ಎಸ್‌ಎಚ್ ಕೂಡ. ಹೊರಗೆ ಹರಾಜು ನಡೆಯುತ್ತಿರುವಾಗ ಮಂಡಿಯವರ ಹತ್ತಿರ ಆ ಮಾತು ಆಡೋಕಾಗುತ್ತಾ? ಆ ಒಂದು ಸಾಲು ಮಾತ್ರ ಬದಲಿಸಿದೆ. ಹೊರಗಿನ ಕಾರ್ಡ್ ಹೆಸರು ಹಾಕಿ, ಟೈಪ್ 8, ಅಂದರೆ ಎಕೋ ರಿಕ್ವೆಸ್ಟ್ ಮಾತ್ರ ಡ್ರಾಪ್ ಎಂದೆ. ಐಸಿಎಂಪಿಯನ್ನು ಪೂರ್ತಿ ಮುಚ್ಚುವುದು ನನಗೆ ಸರಿ ಕಾಣುವುದಿಲ್ಲ. ಪ್ಯಾಕೆಟ್ ದೊಡ್ಡದಾಯಿತು, ಚಿಕ್ಕದು ಮಾಡಿ ಕಳಿಸು ಅನ್ನುವ ಸುದ್ದಿಯೂ ಅದರಲ್ಲೇ ಬರುತ್ತದೆ, ಟೈಪ್ 3, ಕೋಡ್ 4. ಅದು ಬರದಿದ್ದರೆ ಕೆಲವು ಸೈಟ್ ಅರ್ಧ ತೆರೆದು ನಿಲ್ಲುತ್ತವೆ, ಕಾರಣ ಹುಡುಕಿ ತಲೆ ಕೆಡುತ್ತದೆ.

ಪಿಂಗ್ ಬಂತು, ಬ್ಯಾಕಪ್ ಶುರುವಾಯಿತು. ರೂಲ್ ಸೇವ್ ಮಾಡಿದೆ, ಇಲ್ಲದಿದ್ದರೆ ಕರೆಂಟ್ ಹೋಗಿ ಬಂದಾಗ ಹಳೇ ಕಥೆಯೇ.

ಅಷ್ಟರಲ್ಲಿ ಹುಡುಗ ಇನ್ನೊಂದು ಸಮಸ್ಯೆ ತೆಗೆದ. ಸಿಸಿಟಿವಿ ನೆಟ್‌ವರ್ಕ್‌ನಿಂದ ಆಫೀಸಿನ ವಿಂಡೋಸ್ ಕಂಪ್ಯೂಟರ್‌ಗೆ ಪಿಂಗ್ ಇಲ್ಲ, ಆಫೀಸಿನ ಒಳಗೇ ಆದರೆ ಇದೆ. ಇದರಲ್ಲಿ ನಮ್ಮ ಡಬ್ಬದ ತಪ್ಪಿರಲಿಲ್ಲ. ಆ ಕಂಪ್ಯೂಟರ್‌ನ ವಿಂಡೋಸ್ ಫೈರ್‌ವಾಲ್‌ನಲ್ಲಿ ಎಕೋ ರಿಕ್ವೆಸ್ಟ್ ರೂಲ್ ಆನ್ ಇತ್ತು, ಆದರೆ ಅದರ ಸ್ಕೋಪ್ 'ಲೋಕಲ್ ಸಬ್‌ನೆಟ್' ಅಂತಿತ್ತು, ಅಂದರೆ ಅದೇ ನೆಟ್‌ವರ್ಕ್‌ನವರಿಗೆ ಮಾತ್ರ. ಸಿಸಿಟಿವಿ ಸಬ್‌ನೆಟ್ ಅದಕ್ಕೆ ಸೇರಿಸಿದ ಮೇಲೆ ಅದೂ ಬಂತು.